ಮುತ್ಯಾಗೆ ಡಯಾಲಿಸಿಸ್ ಬೇಕಾ? ಕಲಬುರಗಿ ಕಿಡ್ನಿ ಗುಂಪಿನ ಪ್ರಶ್ನೋತ್ತರ (ಹೆಸರಿನ ಬದಲು ಅವರವರ ಊರು)

ಅಫಜಲಪುರ: ನಮಸ್ಕಾರ ಸರ್. ನಮ್ಮ ಮುತ್ಯಾಗೆ (ಅಜ್ಜನಿಗೆ) 82. ಹಾರ್ಟ್ ವೀಕ್, ಶುಗರ್ ಇದೆ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 7.8, ಬಹಳ ಜಾಸ್ತಿ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು ಅಂದಿದ್ದಾರೆ. ಮುತ್ಯಾ "ಬ್ಯಾಡ್ರಿ, ಮನ್ಯಾಗ ಇರ್ತೀನಿ" ಅಂತಾರೆ. ಏನು ಮಾಡೋಣ?

ಡಾಕ್ಟರ್: ಸ್ಕ್ಯಾನ್ ಆಗಿದೆಯಾ? ಈ ವಯಸ್ಸಿನಲ್ಲಿ ಪ್ರಾಸ್ಟೇಟ್ ದಪ್ಪಗಾಗಿ ಮೂತ್ರ ಕಟ್ಟಿದರೂ ಕ್ರಿಯಾಟಿನಿನ್ ಏರುತ್ತದೆ. ಅದನ್ನು ಸರಿ ಮಾಡಬಹುದು.

ಅಫಜಲಪುರ: ಆಗಿದೆ ಸರ್. ಎರಡೂ ಕಿಡ್ನಿ ಸಣ್ಣಗಾಗಿವೆ. ಹಳೇ ಕಾಯಿಲೆ ಅಂದರು.

ಜೇವರ್ಗಿ: ಸರ್, ನಮ್ಮ ತಂದೆಗೂ ಕಿಡ್ನಿ ತೊಂದರೆ. ಎಳನೀರು ಕೊಡಬಹುದಾ?

ಡಾಕ್ಟರ್: ಪೊಟ್ಯಾಶಿಯಂ ಜಾಸ್ತಿ. ಬೇಡ.

ಡಾಕ್ಟರ್ (ಅಫಜಲಪುರದವರಿಗೆ): ಡಯಾಲಿಸಿಸ್ ಬೇಡ ಅಂದರೆ ಚಿಕಿತ್ಸೆಯೇ ಬೇಡ ಅಂತ ಅಲ್ಲ. 80 ದಾಟಿ, ಹಾರ್ಟ್ ಸೋತು, ಎದ್ದು ಓಡಾಡಲು ಆಗದವರಿಗೆ ಡಯಾಲಿಸಿಸ್‌ನಿಂದ ಆಯಸ್ಸು ಹೆಚ್ಚು ಸಿಗದೇ ಇರಬಹುದು. ಸಿಕ್ಕ ದಿನಗಳೂ ಗಾಡಿಯಲ್ಲಿ, ಆಸ್ಪತ್ರೆಯಲ್ಲಿ ಕಳೆಯುತ್ತವೆ. ಗಟ್ಟಿಮುಟ್ಟಾದ ಮುದುಕರ ಮಾತು ಬೇರೆ, ಅವರು ಡಯಾಲಿಸಿಸ್ ಮೇಲೆ ವರ್ಷಗಟ್ಟಲೆ ಇರಬಹುದು. ಡಯಾಲಿಸಿಸ್ ಇಲ್ಲದೆಯೂ ಮಾಡುವುದು ಬಹಳ ಇದೆ. ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿದರೆ ಫ್ಯೂರೋಸೆಮೈಡ್. ರಕ್ತ ಕಮ್ಮಿಯಾದರೆ ಐರನ್, ಎರಿಥ್ರೋಪೊಯೆಟಿನ್ ಇಂಜೆಕ್ಷನ್. ತುರಿಕೆಗೆ, ರಾತ್ರಿ ಕಾಲು ಸೆಳೆತಕ್ಕೆ ಗ್ಯಾಬಾಪೆಂಟಿನ್, ಬಹಳ ಸಣ್ಣ ಡೋಸಿನಲ್ಲಿ. ನೋವಿಗೆ ಮೊದಲು ಪ್ಯಾರಾಸಿಟಮಾಲ್. ಡೈಕ್ಲೋಫೆನಾಕ್ ಮುಟ್ಟಬೇಡಿ. ಕಿಡ್ನಿ ಸೋತವರಲ್ಲಿ ಮಾರ್ಫಿನ್ ಮೈಯಲ್ಲೇ ಉಳಿದು ಮಂಪರು ತರುತ್ತದೆ. ನೋವು ತೀರಾ ಹೆಚ್ಚಾದರೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್‌ನಂಥವು ಇವೆ.

ಮುತ್ಯಾರ ತಲೆ ತಿಳಿಯಾಗಿರುವಾಗ ಕೂತು ಕೇಳಿ. ಅವರಿಗೆ ಹೆದರಿಕೆ ಸೂಜಿಯದ್ದಾ, ಖರ್ಚಿನದ್ದಾ, ನಿಮಗೆ ಭಾರ ಆಗ್ತೀನಿ ಅನ್ನೋದಾ? ಖರ್ಚಿಗೆ ಹೆದರಿ ಬೇಡ ಅಂದಿದ್ದರೆ ಅದು ಅವರ ನಿಜವಾದ ಇಷ್ಟ ಅಲ್ಲ. ಮನಸ್ಸು ಡೋಲಾಯಮಾನವಾಗಿದ್ದರೆ ನಾಲ್ಕಾರು ವಾರ ಡಯಾಲಿಸಿಸ್ ಮಾಡಿ ನೋಡಿ, ಒಗ್ಗದಿದ್ದರೆ ನಿಲ್ಲಿಸಬಹುದು.

ಆಳಂದ: ಅಂದ್ರೆ ಮುದುಕರನ್ನ ಹಾಗೇ ಬಿಡಿ ಅಂತೀರಾ ಸರ್? ನಾಲ್ಕು ಜನ ಏನಂದಾರು?

ಅಫಜಲಪುರ: ಆ ನಾಲ್ಕು ಜನ ರಾತ್ರಿ ಬಂದು ಮುತ್ಯಾನ ಕಾಲು ಒತ್ತುತ್ತಾರೇನ್ರಿ?

ಆಳಂದ: ಬಿಪಿಎಲ್ ಕಾರ್ಡಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಫ್ರೀ. ಮನಸ್ಸು ಬೇಕು ಅಷ್ಟೇ.

ಸೇಡಂ: ಮಷೀನು ಫ್ರೀ ಅಣ್ಣಾ. ವಾರಕ್ಕೆ ಮೂರು ಸಲ ಗಾಡಿ ಬಾಡಿಗೆ, ಜೊತೆಗೆ ಹೋದವನ ಕೂಲಿ ನೀವು ಕೊಡ್ತೀರಾ? ಅಪ್ಪನಿಗೆ ಮಾಡಿಸಿ ನೋಡಿದ್ದೀವಿ. ಸುಮ್ನೆ ಬುದ್ಧಿ ಹೇಳಬೇಡಿ.

ಚಿಂಚೋಳಿ: ಡಯಾಲಿಸಿಸ್ ಸೂಜಿಗೆ ಅಂತ ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡೋ ಫಿಸ್ಟುಲಾ ಎಷ್ಟು ವರ್ಷ ಬಾಳಿಕೆ ಬರುತ್ತೆ ಸರ್?

ಹುಮನಾಬಾದ್: [ಫಾರ್ವರ್ಡ್] ಕೊತ್ತಂಬರಿ ನೀರಿಗೆ ಸ್ಟಾರ್ ಫ್ರೂಟ್ ರಸ ಸೇರಿಸಿ ಖಾಲಿ ಹೊಟ್ಟೆಗೆ ಕುಡಿಯಿರಿ. ಏಳೇ ದಿನಕ್ಕೆ ಕಿಡ್ನಿ ಕ್ಲೀನ್! ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಸ್ಟಾರ್ ಫ್ರೂಟ್ ಕಿಡ್ನಿ ರೋಗಿಗೆ ವಿಷ. ಬಿಕ್ಕಳಿಕೆಯಿಂದ ಶುರುವಾಗಿ, ಗೊಂದಲ, ಫಿಟ್ಸ್, ಸಾವೂ ಆಗಬಹುದು. ಕಿಡ್ನಿ ಏನು ಗಟಾರವಾ, ಕ್ಲೀನ್ ಮಾಡೋಕೆ?

ಹುಮನಾಬಾದ್: ಸುಮ್ನೆ ಹಾಕಿದೆ ಸರ್. ಇಷ್ಟು ಸಿಟ್ಟು ಯಾಕೆ?

ಡಾಕ್ಟರ್: ಕುಡಿದವರನ್ನು ವಾರ್ಡಿನಲ್ಲಿ ನೋಡುವವನು ನಾನು. ಅಳಿಸಿ.

ಸುರಪುರ: ಅವ್ವ ಎರಡು ವರ್ಷದಿಂದ ಡಯಾಲಿಸಿಸ್ ಮೇಲಿದ್ದಾರೆ. ಈಗ ಸಾಕು ಅಂತಾರೆ. ನಿಲ್ಲಿಸಿದರೆ ಎಷ್ಟು ದಿನ? ಕೇಸ್ ಆಗುತ್ತಾ?

ಡಾಕ್ಟರ್: ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಮೂತ್ರ ಇನ್ನೂ ಬರುತ್ತಿದ್ದರೆ ಹೆಚ್ಚು. ಬೇಡದ ಚಿಕಿತ್ಸೆಯನ್ನು ರೋಗಿ ನಿರಾಕರಿಸಬಹುದು, ಅದು ಅಪರಾಧ ಅಲ್ಲ. ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ನಿಯಮ ಸುಲಭ ಮಾಡಿತು. ಆದರೆ ನೀವೇ ನಿಲ್ಲಿಸಬೇಡಿ. ಉಸಿರಾಟಕ್ಕೆ, ವಾಂತಿಗೆ ಔಷಧಿ ಮನೆಗೆ ಬಂದಿರಬೇಕು. ಅವ್ವನ ಜೊತೆ ಒಪಿಡಿಗೆ ಬನ್ನಿ.

ಯಾದಗಿರಿ: ಎಳನೀರು?

ಡಾಕ್ಟರ್: ಮೇಲೆ ಓದಿ.

ಅಫಜಲಪುರ: ಮುತ್ಯಾ ಕಾಲು ಸೆಳೆತಕ್ಕೆ ಆ ಗ್ಯಾಬಾಪೆಂಟಿನ್ ಎಷ್ಟು ಮಿಲಿಗ್ರಾಂ ಸರ್? ಆಮೇಲೆ, ತೊಗರಿ ಬೇಳೆ ಪಪ್ಪು ಕೇಳ್ತಾರೆ, ಕೊಡೋಣವಾ?

ಡಾಕ್ಟರ್: ಡೋಸ್ ಗುಂಪಿನಲ್ಲಿ ಹೇಳುವುದಿಲ್ಲ. ಬೇಳೆ ಕೊಡಿ. ಈ ಹಂತದಲ್ಲಿ ನಾಲಿಗೆ ಕಟ್ಟಿ ಗೆಲ್ಲೋದು ಏನೂ ಇಲ್ಲ.

ಜೇವರ್ಗಿ: ಅವರಿಗೆ ಬೇಳೆ, ನಮಗೆ ಎಳನೀರೂ ಬೇಡ! ಇದೆಂಥ ನ್ಯಾಯ ಸರ್?

ಡಾಕ್ಟರ್: ನಿಮ್ಮ ತಂದೆಗೆ 50. ಇನ್ನೂ ಕಿಡ್ನಿ ಕಸಿಗೆ ಕಾಯುತ್ತಿದ್ದಾರೆ. ಮುಂದಿನ ವಾರ ಪೊಟ್ಯಾಶಿಯಂ ರಿಪೋರ್ಟ್ ತನ್ನಿ.