ಶೇಂಗಾ ಹೊಲದಲ್ಲಿ ನನ್ನ ಪ್ರಶ್ನೆಯೇ ಬದಲಾಯಿತು, ಇದು ಸರಿಯಾ?

ದುರ್ಗದ ಹುಡುಗಿ:
ನಾನು ಸೋಷಿಯಲ್ ಡಿಸೈನ್ ಓದುತ್ತಿದ್ದೇನೆ, ಅಂದರೆ ಜನರ ಸಮಸ್ಯೆಗೆ ಅವರ ಜೊತೆಗೇ ಪರಿಹಾರ ರೂಪಿಸುವ ಓದು. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ನೀರಿನ ಘಟಕದ ಬಗ್ಗೆ ಕೆಲಸ. ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಗೊತ್ತಲ್ವಾ. ಘಟಕವನ್ನು ಹೇಗೆ ಮಾಡಿದರೆ ಜನ ಹೆಚ್ಚು ಬಳಸುತ್ತಾರೆ ಅನ್ನುವುದು ನನ್ನ ಪ್ರಶ್ನೆ. 30 ಮನೆ, 22 ಪ್ರಶ್ನೆ, ಬೆಳಿಗ್ಗೆ 10 ಗಂಟೆ ಅಂತ ಬರೆದುಕೊಂಡು ಹೋದೆ. ಊರೆಲ್ಲ ಬೀಗ. ಶೇಂಗಾ ಕೀಳುವ ಕಾಲ. ಎರಡು ದಿನದಲ್ಲಿ ಸಿಕ್ಕಿದ್ದು ನಾಲ್ಕೇ ಮನೆ. ಮೂರನೇ ದಿನ ಹೊಲಕ್ಕೇ ಹೋಗಿ ಹೆಂಗಸರ ಜೊತೆ ಕಾಯಿ ಬಿಡಿಸುತ್ತಾ ಕೂತೆ. ಪ್ರಶ್ನೆಪಟ್ಟಿ ಚೀಲದಿಂದ ತೆಗೆಯಲೇ ಇಲ್ಲ. ಒಬ್ಬ ಅಜ್ಜಿ ಹೇಳಿದರು: "ಕುಡಿಯೋಕೆ ಘಟಕದ ಕ್ಯಾನ್ ನೀರು. ಮುದ್ದೆಗೆ, ಸಾರಿಗೆ ಬೋರ್ ನೀರೇ. ಕುದಿಸ್ತೀವಲ್ಲ, ಏನಾಗುತ್ತೆ?" ಆಗಿನಿಂದ ನಾನು ಕೇಳುತ್ತಿರುವುದೇ ಬೇರೆ: ಮನೆಯೊಳಗೆ ಯಾವ ನೀರು ಯಾವುದಕ್ಕೆ ಹೋಗುತ್ತದೆ? ನನ್ನ ಗೈಡ್ ಒಪ್ಪುತ್ತಿಲ್ಲ.

ಅಂಕಿ ಮೇಷ್ಟ್ರು, ದಾವಣಗೆರೆ:
ಗೈಡ್ ಹೇಳುವುದರಲ್ಲಿ ಅರ್ಥ ಇದೆಯಮ್ಮ. ನಾಲ್ಕು ಮನೆಗೆ ಒಂದು ಪ್ರಶ್ನೆ, ಉಳಿದವರಿಗೆ ಇನ್ನೊಂದು ಕೇಳಿದರೆ ಎರಡನ್ನೂ ಕೂಡಿಸುವುದು ಹೇಗೆ? ನಾನು ಮೆಕ್ಕೆಜೋಳದ ರೈತರ ಸಮೀಕ್ಷೆ ಮಾಡಿಸಿದ್ದೆ. ಹುಡುಗರು ಒಬ್ಬೊಬ್ಬರು ಒಂದೊಂದು ಥರ ಕೇಳಿಕೊಂಡು ಬಂದರು. ಇಡೀ ಕಟ್ಟು ದಂಡವಾಯಿತು.

ಭಟ್ಟಿ ಬೀದಿಯವನು:
ಮೇಷ್ಟ್ರೇ, ನಮ್ಮ ಮಂಡಕ್ಕಿ ಭಟ್ಟಿಗೆ ಬಂದು ನೋಡಿ. ಬೆಳಗಿನ ಜಾವಕ್ಕೇ ಒಲೆ ಹಚ್ಚುತ್ತಾರೆ. ಹೊಗೆ ಕಡಿಮೆ ಮಾಡುವ ಒಲೆ ಕೊಡ್ತೀವಿ ಅಂತ ಒಂದು ತಂಡ ಬಂದಿತ್ತು. ಬಂದಿದ್ದು ಮಧ್ಯಾಹ್ನ, ಮಾತಾಡಿದ್ದು ಮಾಲೀಕರ ಜೊತೆ. ಉಸುಕಲ್ಲಿ ಅಕ್ಕಿ ಹುರಿಯುವವರನ್ನು ಒಬ್ಬರೂ ಕೇಳಲಿಲ್ಲ. ಅವರ ಪಟ್ಟಿ ಪೂರ್ತಿ ತುಂಬಿತ್ತು. ಒಲೆ ಮೂಲೆ ಸೇರಿತು. ಈ ಹುಡುಗಿ ಹೊಲಕ್ಕೆ ಹೋಗಿದ್ದು ಸರಿಯೇ.

ಆಶಾ ಅಕ್ಕ, ಹಿರಿಯೂರು:
ಆ ಅಜ್ಜಿ ಮಾತು ಓದಿ ಎದೆ ಧಸಕ್ ಅಂತು. ಕುದಿಸಿದರೆ ಫ್ಲೋರೈಡ್ ಹೋಗಲ್ಲ ಕಣಮ್ಮ. ನೀರು ಆವಿಯಾಗುತ್ತೆ, ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಏರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ ಮಕ್ಕಳ ಹಲ್ಲಲ್ಲಿ ಕಲೆ, ವರ್ಷಗಟ್ಟಲೆ ಕುಡಿದರೆ ಮೂಳೆಗೇ ಪೆಟ್ಟು. ಎರಡು ಮಾತು ಕೇಳ್ತೀನಿ, ಬೇಜಾರಾಗಬೇಡ. ಹೊಲದಲ್ಲಿ ಆಡಿದ್ದನ್ನು ನೀನು ಬರೆದುಕೊಳ್ತೀಯ ಅಂತ ಅವರಿಗೆ ಗೊತ್ತಿತ್ತಾ? ಅಜ್ಜಿಗೆ ನಿಜ ಹೇಳಿದೆಯಾ?

ಅಂಕಿ ಮೇಷ್ಟ್ರು, ದಾವಣಗೆರೆ:
ಹೇಳಿದರೆ ಅವರ ರೂಢಿ ಬದಲಾಗುತ್ತೆ. ಇದ್ದದ್ದು ಇದ್ದಂತೆ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಹೇಳಬಹುದಲ್ಲ.

ಆಶಾ ಅಕ್ಕ, ಹಿರಿಯೂರು:
ಮುಗಿಯೋದು ಯಾವಾಗ ಸರ್? ಇವತ್ತು ರಾತ್ರಿ ಆ ಮನೆಯಲ್ಲಿ ಮಕ್ಕಳು ಊಟ ಮಾಡ್ತಾರೆ. ಸಮಯ ಬದಲಾಗಲಿ, ಜಾಗ ಬದಲಾಗಲಿ, ಪ್ರಶ್ನೆ ಬದಲಾಗಲಿ. ಇದನ್ನು ಮಾತ್ರ ಮುಂದಕ್ಕೆ ಹಾಕೋಕೆ ಆಗಲ್ಲ.

ಅಂಕಿ ಮೇಷ್ಟ್ರು, ದಾವಣಗೆರೆ:
ಒಪ್ಪಿದೆ. ಮಕ್ಕಳ ಮಾತು ಬಂದ ಮೇಲೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಹುಡುಗಿ, ಯಾವ ದಿನ ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ, ಅವತ್ತೇ ಬರೆದಿಡು. ಆ ನಾಲ್ಕು ಮನೆಯ ಹಾಳೆ ಬೇರೆ ಇಡು, ಬಿಸಾಡಬೇಡ. ಗೈಡ್‌ಗೆ ಅದನ್ನು ತೋರಿಸು.

ದುರ್ಗದ ಹುಡುಗಿ:
ಅಕ್ಕ, ಬರೆದುಕೊಳ್ಳುವ ವಿಷಯ ಹೊಲದಲ್ಲಿ ಹೇಳಿರಲಿಲ್ಲ. ಸಂಜೆ ಮನೆಮನೆಗೆ ಹೋಗಿ ಹೇಳಿದೆ. ಒಬ್ಬರು ಬೇಡ ಅಂದರು, ಅವರ ಮಾತು ಹೊಡೆದುಹಾಕಿದೆ. ಕುದಿಸುವ ವಿಷಯ ಮಾತ್ರ ಹೇಳಿಲ್ಲ. ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. ನಾಳೆ ಸಂಜೆ ಹೋಗಿ ಹೇಳ್ತೀನಿ. ಆದರೆ ಅಡುಗೆಗೂ ಕ್ಯಾನ್ ನೀರು ಅಂದರೆ ದಿನಕ್ಕೆ ಇನ್ನೊಂದು ಕ್ಯಾನ್ ಬೇಕು. 20 ಲೀಟರ್ ಅಂದರೆ 20 ಕೆಜಿ. ಅದನ್ನು ಹೊರುವುದು ಅಜ್ಜಿಯ ಸೊಸೆ, ಹೊಲದಿಂದ ಬಂದ ಮೇಲೆ. ಸುಮ್ನೆ ಹೇಳಿ ಬಂದರೆ ಅವಳ ತಲೆ ಮೇಲೆ ಇನ್ನೊಂದು ಹೊರೆ ಇಟ್ಟಂತೆ ಅಲ್ವಾ? ನಾಳೆ ಮೊದಲು ಅವಳ ಜೊತೆ ಕೂತು ಮಾತಾಡ್ತೀನಿ.