ಸಹಾಯ ಬೇಕು: ದಾವಣಗೆರೆಯಲ್ಲಿ ಇವತ್ತೇ ಕಾಂಟ್ರಾಸ್ಟ್ ಎಂಆರ್‌ಐ, ಬ್ಲಡ್ ಕಲ್ಚರ್

ಜಗಳೂರು ಕಡೆಯ ಹಿರಿಯರೊಬ್ಬರಿಗೆ ಸೊಂಟನೋವಿಗೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಮೂರು ವಾರ. ಶುಗರ್ ಇದೆ. ತಗ್ಗಿದ್ದ ನೋವು ಮತ್ತೆ ಏರಿದೆ, ಮಲಗಿದರೂ ಬಿಡುತ್ತಿಲ್ಲ, ರಾತ್ರಿ ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಬೆನ್ನುಮೂಳೆಗೆ ಸೋಂಕಾಗಿರಬಹುದೆಂಬ ಅನುಮಾನ. ಜ್ವರ ಇಲ್ಲವೆಂದು ಸಮಾಧಾನಪಡುವಂತಿಲ್ಲ. ಬೆನ್ನುಮೂಳೆ ಸೋಂಕಿನಲ್ಲಿ ಎಷ್ಟೋ ಜನಕ್ಕೆ ಜ್ವರವೇ ಬರುವುದಿಲ್ಲ, ಬಿಳಿ ರಕ್ತಕಣವೂ ನಾರ್ಮಲ್ ಇರಬಹುದು. ಇವರಿಗೆ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಎರಡೂ ಜಾಸ್ತಿ ಬಂದಿವೆ. ಎಕ್ಸ್‌ರೇ ನಾರ್ಮಲ್, ಆದರೆ ಮೊದಲ ಎರಡು ಮೂರು ವಾರ ಅದರಲ್ಲಿ ಏನೂ ಕಾಣದಿರುವುದೇ ಹೆಚ್ಚು.

ಇವತ್ತೇ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಹಾಕಿ ಎಂಆರ್‌ಐ ಮಾಡುವ ಸೆಂಟರ್ ಯಾವುದು? ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ಕೈಲಿದೆ. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡುವ ಲ್ಯಾಬೂ ಬೇಕು: ಮೈಯ ಎರಡು ಬೇರೆ ಜಾಗದಿಂದ, ಬಾಟಲಿಗೆ 8-10 ಮಿ.ಲೀ. ರಕ್ತ, ಆಂಟಿಬಯಾಟಿಕ್ ಶುರುವಾಗುವ ಮುಂಚೆ. ದಯವಿಟ್ಟು ಯಾರೂ "ಮೊದಲು ಒಂದು ಕೋರ್ಸ್ ಹಾಕಿಸಿ ನೋಡಿ" ಎನ್ನಬೇಡಿ. ಆಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಯಾವ ಕ್ರಿಮಿಯೆಂದೇ ತಿಳಿಯದೆ ಆರು ವಾರ ಔಷಧ ಕೊಡಬೇಕಾಗುತ್ತದೆ. ಮನೆಯಲ್ಲಿ ಕುರಿ ಸಾಕಿದ್ದಾರೆ, ಹಾಗಾಗಿ ಬ್ರುಸೆಲ್ಲಾ (ಕುರಿ, ಮೇಕೆಗಳಿಂದ ಹರಡುವ ಕ್ರಿಮಿ) ಟೆಸ್ಟ್ ಎಲ್ಲಾಗುತ್ತದೆ ಎಂಬುದನ್ನೂ ತಿಳಿಸಿ.

ಕಾಲು ಸೋತರೆ, ಮೂತ್ರ ಕಟ್ಟಿದರೆ ಇದ್ಯಾವುದಕ್ಕೂ ಕಾಯುವಂತಿಲ್ಲ. ರಾತ್ರಿ ನ್ಯೂರೋಸರ್ಜನ್ ಸಿಗುವ ಆಸ್ಪತ್ರೆ ಗೊತ್ತಿದ್ದವರು ಈಗಲೇ ಹೇಳಿ.