ವಿಮಾನ ಸಿಮ್ಯುಲೇಟರ್‌ನಲ್ಲಿ ರೆಸಲ್ಯೂಷನ್ ತೊಂದರೆ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ಹಳೆಯ 1920×1080 ಮಾನಿಟರ್ ತೆಗೆದು 3840×2160 ಮಾನಿಟರ್ ಜೋಡಿಸಿದ್ದೇನೆ. ವಿಂಡೋಸ್ ಡೆಸ್ಕ್‌ಟಾಪ್ ಸ್ಫುಟವಾಗಿದೆ. ಆದರೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ತೆರೆದಾಗ ಕಾಕ್‌ಪಿಟ್ ಪರದೆಗಳ ಮೇಲಿನ ಅಂಕಿಗಳು ಓದಲಾಗದಷ್ಟು ಮಸುಕಾಗುತ್ತವೆ, ಗ್ರಾಫಿಕ್ಸ್ ಪುಟದಲ್ಲಿ ರೆಸಲ್ಯೂಷನ್ ಸಾಲು ಬೂದುಬಣ್ಣಕ್ಕೆ ತಿರುಗಿ ಬದಲಾಯಿಸಲು ಬಿಡುವುದಿಲ್ಲ. ಇದೇ ಗಣಕದಲ್ಲಿರುವ ಎಫ್‌ಎಸ್‌ಎಕ್ಸ್‌ನಲ್ಲಿ (ಹಳೆಯ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್) ದುಂಡಗಿನ ಉಪಕರಣಗಳು ಅಂಡಾಕಾರವಾಗಿ ಕಾಣುತ್ತಿವೆ. ಯಾವ ತುದಿಯಿಂದ ಪರೀಕ್ಷೆ ಆರಂಭಿಸಬೇಕು?

ಉತ್ತರ 1

ಡೆಸ್ಕ್‌ಟಾಪ್ ಸ್ಫುಟವಾಗಿದೆ ಎಂದು ನೀವು ಬರೆದಿರುವುದು ಬಹಳ ಉಪಯುಕ್ತ ಮಾಹಿತಿ. ಕೇಬಲ್, ಡ್ರೈವರ್ ಮತ್ತು ಮಾನಿಟರ್ ತಮ್ಮ ಕೆಲಸ ಸರಿಯಾಗಿ ಮಾಡುತ್ತಿವೆ ಎಂಬುದಕ್ಕೆ ಅದು ಹೆಚ್ಚುಕಡಿಮೆ ಸಾಕ್ಷಿ. ಆದರೂ ವಿಂಡೋಸ್‌ನ ಡಿಸ್‌ಪ್ಲೇ ಪುಟದಲ್ಲಿ 3840×2160 ಎಂದೇ ಇದೆಯೇ ಎಂದು ಒಮ್ಮೆ ನೋಡಿ, ನಂತರ ಸಿಮ್ಯುಲೇಟರ್ ಒಳಗೆ ಹೋಗಿ.

ಬೂದುಬಣ್ಣದ ಸಾಲಿನ ಕಾರಣ ಸರಳವಾಗಿದೆ. ಸಿಮ್ಯುಲೇಟರ್ ಕಿಟಕಿಯ ವಿಧಾನದಲ್ಲಿ ಓಡುತ್ತಿರುವಾಗ ಕಿಟಕಿಯ ಅಳತೆಯೇ ರೆಸಲ್ಯೂಷನ್ ಆಗುವುದರಿಂದ ಬೇರೆ ಆಯ್ಕೆಗೆ ಅಲ್ಲಿ ಎಡೆಯಿಲ್ಲ. ಆಲ್ಟ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಪೂರ್ಣಪರದೆಗೆ ಬಂದರೆ ಆ ಸಾಲು ಜೀವ ಪಡೆಯಬೇಕು.

ಮಸುಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಈ ಸಿಮ್ಯುಲೇಟರ್‌ನಲ್ಲಿ ಎರಡು ರೆಸಲ್ಯೂಷನ್‌ಗಳಿವೆ: ಮಾನಿಟರಿಗೆ ಕಳುಹಿಸುವ ಚಿತ್ರದ್ದು ಒಂದು, ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ದೃಶ್ಯವನ್ನು ಬಿಡಿಸುವ ಅಳತೆ ಇನ್ನೊಂದು. ಎರಡನೆಯದನ್ನು ನಿರ್ಧರಿಸುವುದು ರೆಂಡರ್ ಸ್ಕೇಲಿಂಗ್. ಅದರ ಶೇಕಡಾವಾರು ಅಂಕಿ ಅಗಲ ಮತ್ತು ಎತ್ತರ ಎರಡಕ್ಕೂ ಅನ್ವಯಿಸುವುದರಿಂದ, 70 ಎಂದು ಇಟ್ಟರೆ 3840×2160 ಪರದೆಯ ಮೇಲೆ ವಾಸ್ತವವಾಗಿ ಮೂಡುವುದು 2688×1512 ಮಾತ್ರ. ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್‌ಗಳ ಜಾಗದಲ್ಲಿ ಸುಮಾರು 41 ಲಕ್ಷ, ಅರ್ಧಕ್ಕಿಂತ ಕಡಿಮೆ. ಕಡಿಮೆ ಅಳತೆಯಲ್ಲಿ ಬಿಡಿಸಿ ನಂತರ ಚಿತ್ರವನ್ನು ಹಿಗ್ಗಿಸುವ ಡಿಎಲ್‌ಎಸ್‌ಎಸ್ ಆರಿಸಿದ್ದರೆ ಈ ಅಳತೆಯನ್ನು ಅದೇ ತೀರ್ಮಾನಿಸುತ್ತದೆ, ಪರ್ಫಾರ್ಮೆನ್ಸ್ ವಿಧಾನದಲ್ಲಿ ಅದು ನಿಮ್ಮ ಹಳೆಯ ಮಾನಿಟರಿನ 1920×1080ಕ್ಕೇ ಇಳಿಯುತ್ತದೆ. ಹೊರಗಿನ ಬೆಟ್ಟ, ಮೋಡಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಓಡುತ್ತಿರುವ ಎತ್ತರದ ಅಂಕಿಗಳಲ್ಲಿ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಹೀಗಾಗಿ ಆ್ಯಂಟಿ ಅಲಿಯಾಸಿಂಗ್ (ಅಂಚುಗಳನ್ನು ನಯಗೊಳಿಸುವ ಹೊಂದಾಣಿಕೆ) ಅನ್ನು ಅದರ ಆಯ್ಕೆಗಳಲ್ಲೊಂದಾದ ಟಿಎಎಗೆ ಬದಲಾಯಿಸಿ, ರೆಂಡರ್ ಸ್ಕೇಲಿಂಗ್ ಅನ್ನು 100ಕ್ಕೆ ಏರಿಸಿ, ಅದೇ ವಿಮಾನದಲ್ಲಿ, ಅದೇ ನಿಲ್ದಾಣದಲ್ಲಿ ಮತ್ತೆ ಪರೀಕ್ಷಿಸಿ. ಅಂಕಿಗಳು ಸ್ಫುಟವಾದರೆ ರೋಗ ಪತ್ತೆಯಾದಂತೆ. ಆಗ ಚಿತ್ರ ತಡವರಿಸಿದರೆ, ಕಾಕ್‌ಪಿಟ್‌ನ ಸ್ಫುಟತೆಯನ್ನು ಬಲಿಕೊಡುವ ಬದಲು ಮೋಡಗಳ ಗುಣಮಟ್ಟ ಮತ್ತು ಭೂದೃಶ್ಯದ ವಿವರಗಳನ್ನು ಇಳಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಉಪಕರಣ ನೋಡಿಕೊಂಡು ಹಾರುವವರಿಗೆ ಓದಲಾಗದ ಅಂಕಿಗಿಂತ ದೊಡ್ಡ ಕೊರತೆ ಇಲ್ಲ.

ಉತ್ತರ 2

ಎಫ್‌ಎಸ್‌ಎಕ್ಸ್ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇಂದಿಗೂ ಅದನ್ನೇ ಬಳಸುತ್ತಿದ್ದೇನೆ. ಇದು 2006ರ ತಂತ್ರಾಂಶ. ಅದರ ಎರಡು ಆಯಾಮದ ಪ್ಯಾನೆಲ್‌ಗಳನ್ನು 4:3 ಪರದೆಗಾಗಿ ರಚಿಸಿದ್ದರಿಂದ, ರೆಸಲ್ಯೂಷನ್ ಎಷ್ಟೇ ಸರಿಯಾಗಿದ್ದರೂ 16:9 ಮಾನಿಟರಿನಲ್ಲಿ ಅವು ಅಗಲಕ್ಕೆ ಎಳೆದಂತೆ ಕಾಣುತ್ತವೆ. ನೀವು ನೋಡುತ್ತಿರುವುದು ಅದೇ ಪ್ಯಾನೆಲ್ ಆಗಿದ್ದರೆ ಮೂರು ಆಯಾಮದ ವರ್ಚುವಲ್ ಕಾಕ್‌ಪಿಟ್ ನೋಟಕ್ಕೆ ಬದಲಾಯಿಸಿ ನೋಡಿ. ಅಲ್ಲಿಯೂ ಅಂಡಾಕಾರ ಉಳಿದರೆ ಮಾತ್ರ ರೆಸಲ್ಯೂಷನ್ ಮೇಲೆ ಅನುಮಾನ ಪಡಬೇಕು. ಆಗ ಸಿಮ್ಯುಲೇಟರ್ 1024×768ರಂತಹ ಹಳೆಯ ಅಳತೆಯಲ್ಲಿ ತೆರೆದುಕೊಂಡು ಇಡೀ ಪರದೆಗೆ ಹಿಗ್ಗುತ್ತಿರಬಹುದು. ಡಿಸ್‌ಪ್ಲೇ ಪುಟದಲ್ಲಿ ಮಾನಿಟರಿನ ಸಹಜ ಅಳತೆಯನ್ನು ಆರಿಸಿ. ಅದು ನೆನಪಿನಲ್ಲಿ ಉಳಿಯದಿದ್ದರೆ, ಸಿಮ್ಯುಲೇಟರ್ ಮುಚ್ಚಿ, ಅದರ ಸಂರಚನಾ ಕಡತವಾದ ಎಫ್‌ಎಸ್‌ಎಕ್ಸ್.ಸಿಎಫ್‌ಜಿಯ ಹೆಸರನ್ನು ಬದಲಾಯಿಸಿ ಮತ್ತೆ ತೆರೆಯಿರಿ, ಹೊಸ ಕಡತ ತಾನಾಗಿಯೇ ರಚನೆಯಾಗುತ್ತದೆ. ಅದರಲ್ಲಿ ವೈಡ್‌ವ್ಯೂಆಸ್ಪೆಕ್ಟ್ ಎಂಬ ಸಾಲನ್ನು ಟ್ರೂ ಎಂದು ಮಾಡಿದರೆ ಅಗಲ ಪರದೆಯಲ್ಲಿ ನೋಟದ ವ್ಯಾಪ್ತಿ ಹೆಚ್ಚುತ್ತದೆ.

ಇನ್ನೊಂದು ಪರೀಕ್ಷೆ: ಅಕ್ಷರ, ಐಕಾನ್‌ಗಳನ್ನು ದೊಡ್ಡದಾಗಿ ತೋರಿಸುವ ವಿಂಡೋಸ್ ಸ್ಕೇಲಿಂಗ್ 150 ಶೇಕಡಾ ಇದ್ದಾಗ, ಅದನ್ನು ಅರಿಯದ ಹಳೆಯ ತಂತ್ರಾಂಶಕ್ಕೆ 3840×2160 ಪರದೆ 2560×1440 ಎಂದೇ ತೋರುತ್ತದೆ, ವಿಂಡೋಸ್ ಆ ಚಿತ್ರವನ್ನು ಹಿಗ್ಗಿಸಿ ಮಸುಕಾಗಿಸುತ್ತದೆ. ಎಫ್‌ಎಸ್‌ಎಕ್ಸ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ವಿಭಾಗಕ್ಕೆ ಹೋಗಿ, ಹೈ ಡಿಪಿಐ ಸ್ಕೇಲಿಂಗ್ ಜವಾಬ್ದಾರಿಯನ್ನು ಅಪ್ಲಿಕೇಶನ್‌ಗೆ ವಹಿಸಿದರೆ ಇದು ತಪ್ಪುತ್ತದೆ.

ಉತ್ತರ 1 ಬರೆದವರಿಂದ ಸೇರ್ಪಡೆ

ಮೇಲಿನ ಸಲಹೆ ಎಫ್‌ಎಸ್‌ಎಕ್ಸ್‌ಗೆ ಸರಿ. ದಯವಿಟ್ಟು ಅದನ್ನು 2020ರ ಆವೃತ್ತಿಗೆ ಹಾಗೆಯೇ ಅನ್ವಯಿಸಬೇಡಿ. ಇಲ್ಲಿನ ಯೂಸರ್‌ಸಿಎಫ್‌ಜಿ.ಆಪ್ಟ್ ಕಡತದಲ್ಲಿ ಗ್ರಾಫಿಕ್ಸ್ ಹೊಂದಾಣಿಕೆಗಳ ಜೊತೆಗೆ, ಇಳಿಸಿಕೊಂಡ ಪ್ಯಾಕೇಜುಗಳು ಡಿಸ್ಕಿನಲ್ಲಿ ಎಲ್ಲಿವೆ ಎಂಬ ವಿಳಾಸವೂ ಇರುತ್ತದೆ. ಕಡತವನ್ನು ಅಳಿಸಿದರೆ ಸಿಮ್ಯುಲೇಟರ್ ಆ ಜಾಗವನ್ನು ಮರೆತು, ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳಲು ಸಿದ್ಧವಾಗಬಹುದು. ತಿದ್ದುವ ಅಗತ್ಯ ಬಂದರೆ ಮೊದಲು ಒಂದು ಪ್ರತಿ ಇಟ್ಟುಕೊಳ್ಳಿ, ನಂತರ ಬೇಕಾದ ಸಾಲನ್ನಷ್ಟೇ ಮುಟ್ಟಿ.

ಉತ್ತರ 3

ನಿಮ್ಮಂತೆ ಮಾನಿಟರ್ ಅಲ್ಲದೆ ಟಿವಿಯನ್ನು ಜೋಡಿಸಿದವರು ಇದನ್ನು ಓದಿದರೆ ಅವರಿಗಾಗಿ: ಚಿತ್ರದ ನಾಲ್ಕೂ ಅಂಚುಗಳು ಕತ್ತರಿಸಿದಂತಿದ್ದರೆ ಅದು ಸಿಮ್ಯುಲೇಟರ್‌ನ ದೋಷವಲ್ಲ, ಟಿವಿಯ ಓವರ್‌ಸ್ಕ್ಯಾನ್. ಟಿವಿಯ ಚಿತ್ರ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬಂತಹ ಹೆಸರಿನ ಆಯ್ಕೆಯನ್ನು ಹುಡುಕಿ. 3840×2160ರಲ್ಲಿ 30 ಹರ್ಟ್ಸ್ ಮಾತ್ರ ಸಿಗುತ್ತಿದ್ದರೆ ಸಂಪರ್ಕದಲ್ಲಿ ಎಲ್ಲೋ ಎಚ್‌ಡಿಎಂಐ 1.4 ಮಟ್ಟದ ಕೊಂಡಿ ಇದೆ ಎಂದರ್ಥ. 60 ಹರ್ಟ್ಸ್‌ಗೆ 2.0 ಬೇಕು, ಕಾರ್ಡ್, ಕೇಬಲ್, ಪರದೆ ಮೂರೂ ಅದಕ್ಕೆ ತಕ್ಕವಾಗಿರಬೇಕು. ಪಟ್ಟಿಯಲ್ಲಿ ಸಹಜ ರೆಸಲ್ಯೂಷನ್ನೇ ಕಾಣದಿದ್ದರೆ ನಡುವಿನ ಅಡಾಪ್ಟರ್ ಅಥವಾ ಸ್ಪ್ಲಿಟರ್ ತೆಗೆದು ನೇರವಾಗಿ ಜೋಡಿಸಿ ನೋಡಿ. ಪರದೆ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಮಾಹಿತಿಯ ಮೂಲಕ ಕಾರ್ಡಿಗೆ ತಿಳಿಸುತ್ತದೆ, ಆ ಮಾಹಿತಿ ಕೆಲವೊಮ್ಮೆ ಇಂತಹ ಸಾಧನಗಳಲ್ಲಿಯೇ ಕಳೆದುಹೋಗುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಡ್ರೈವರ್ ಸ್ಥಾಪನೆಯಾಗಿಲ್ಲ, ಬೇರೇನನ್ನೂ ಹುಡುಕಬೇಕಿಲ್ಲ.

ಎಕ್ಸ್‌ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರು ಗ್ರಾಫಿಕ್ಸ್ ಪುಟದ ಮಾನಿಟರ್ ಬಳಕೆಯ ಪಟ್ಟಿಯನ್ನು ನೋಡಬೇಕು. ಪೂರ್ಣಪರದೆ, ನಮಗೆ ಬೇಕಾದ ರೆಸಲ್ಯೂಷನ್‌ನ ಪೂರ್ಣಪರದೆ, ಕಿಟಕಿ ಎಂಬ ಮೂರು ಆಯ್ಕೆಗಳು ಅಲ್ಲಿಯೇ ಇವೆ.

ಪ್ರಶ್ನೆ ಕೇಳಿದವರು ರೆಂಡರ್ ಸ್ಕೇಲಿಂಗ್ 100ರಲ್ಲಿ ಏನಾಯಿತೆಂದು ತಿಳಿಸಿ. ಆಗಲೂ ಮಸುಕು ಉಳಿದರೆ ಗ್ರಾಫಿಕ್ಸ್ ಕಾರ್ಡಿನ ಮಾದರಿ, ವಿಂಡೋಸ್ ಸ್ಕೇಲಿಂಗ್‌ನ ಶೇಕಡಾವಾರು ಮತ್ತು ಯಾವ ವಿಮಾನದ ಕಾಕ್‌ಪಿಟ್ ಎಂಬುದನ್ನು ಬರೆಯಿರಿ, ಅಲ್ಲಿಂದ ಮುಂದಕ್ಕೆ ನೋಡೋಣ.